ಜೀಪಿನ ಹಬ್ ಮೇಲೆ ಎರಡು ಸ್ಪೀಕರ್

ಮೈಸೂರಿನ ನಮ್ಮ ಆಡಿಯೊ ಬಳಗಕ್ಕೆ ಎರಡು ವರ್ಷ ನಾನೇ ತಮಾಷೆಯ ವಸ್ತು. ಮನೆಗೆ ಸ್ಪೀಕರ್ ಆರಿಸಲು ಪರದೆಯ ಹಿಂದೆ ಒಂದೊಂದನ್ನೇ ನುಡಿಸಿ, ಯಾವುದೆಂದು ಕಾಣದಂತೆ ಕೇಳಿ ಹೋಲಿಸುತ್ತೇನೆ, ಅದಕ್ಕೆ. "ಒಂದೇ ಸ್ಪೀಕರ್ ಕೇಳಿ ಜೋಡಿ ತಗೊಳ್ಳೋದಾ ಮಾರಾಯ? ಒಂದು ಎತ್ತು ನೋಡಿ ಜೋಡಿಗೆ ದುಡ್ಡು ಕೊಟ್ಟ ಹಾಗಾಯ್ತು!" ಕಳೆದ ಬೇಸಿಗೆಯಲ್ಲಿ ಅದೇ ಬಳಗದ ಇಬ್ಬರು ತಮ್ಮ ಸ್ಪೀಕರ್ ಕಾರಿಗೆ ತುಂಬಿಕೊಂಡು ಕೊಡಗಿನ ಮಾದಾಪುರದ ನಮ್ಮ ತೋಟದ ಮನೆಗೆ ಬಂದರು. ಪರದೆಯ ಮುಂದೆ ಕೂತು ತಮ್ಮದಕ್ಕೇ ಕಮ್ಮಿ ಅಂಕ ಕೊಟ್ಟು ಹೋದರು. ಆಮೇಲೆ ತಮಾಷೆ ನಿಂತಿದೆ.

ಹೀಗೆ ಪರದೆ ಹಾಕಿ ಕೇಳುವುದಕ್ಕೆ ಮುಂಚೆ ಅಂಗಡಿಯಲ್ಲಿ ಕೇಳಿ ತಂದು, ಮನೆಯಲ್ಲಿ ಹಿಡಿಸದೆ ಮಾರಿ, ಮತ್ತೆ ತಂದು, ಎರಡೂವರೆ ಲಕ್ಷದಷ್ಟು ಕರಗಿತ್ತು. ಅದರಲ್ಲಿ ಒಂದು ಹಳೆಯ ಇಂಪೋರ್ಟೆಡ್ ಜೋಡಿಗೆ ಫೋಮ್ ಸರೌಂಡ್ (ಸ್ಪೀಕರ್ ಕೋನಿನ ಸುತ್ತ ಇರುವ ಮೆತ್ತನೆಯ ಪಟ್ಟಿ) ಇತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೆರಳು ತಾಗಿಸಿದರೆ ಕಪ್ಪು ಪುಡಿ ಉದುರುತ್ತಿತ್ತು, ಕೋನಿನ ಅಂಚಿಗೆ ಬೂಷ್ಟು ಬೇರೆ. ರಬ್ಬರ್ ಸರೌಂಡ್ ಅಲ್ಲದ್ದನ್ನು ಈಗ ನಾನು ಘಟ್ಟ ಹತ್ತಿಸುವುದಿಲ್ಲ.

ಮನೆಯ ಹಾಲ್ 18 ಅಡಿಗೆ 14 ಅಡಿ, ರೆಡ್ ಆಕ್ಸೈಡ್ ನೆಲ, ಹೆಂಚಿನ ಕೆಳಗೆ ಮರದ ಮುಚ್ಚಿಗೆ. 18 ಅಡಿ ಉದ್ದದ ಕೋಣೆ ಸುಮಾರು 31 ಹರ್ಟ್ಸ್‌ನ ತಗ್ಗು ಸದ್ದಿಗೆ ತಾನೇ ಅನುರಣಿಸುತ್ತದೆ, ಅದರ ಎರಡರಷ್ಟು 63ರ ಹತ್ತಿರವೂ. ಆ ಜಾಗದಲ್ಲಿ ಯಾವ ಸ್ಪೀಕರ್ ಇಟ್ಟರೂ ಗುಂಯ್ ಅನ್ನುತ್ತದೆ. ಹಾಗಾದರೆ ನಾನು ಕೇಳುತ್ತಿರುವುದು ಸ್ಪೀಕರನ್ನೋ ಹಾಲನ್ನೋ? ಉತ್ತರಕ್ಕೆ ಎಲ್ಲಿಗೂ ಹೋಗಬೇಕಾಗಲಿಲ್ಲ. ಕಾಫಿ ಕಣ ಇದೆಯಲ್ಲ! ಕೊಯ್ಲಿಗೆ ಮುಂಚೆ ಖಾಲಿ, ಸುತ್ತ ಗೋಡೆಯಿಲ್ಲ. ಗಾಳಿಯಿಲ್ಲದ ಒಂದು ಸಂಜೆ ಸ್ಪೀಕರ್‌ಗಳನ್ನು ಕಣದ ನಡುವೆ ಇಟ್ಟು ಕೇಳಿದೆ. ಹಾಲ್‌ನಲ್ಲಿ ಗುಡುಗುತ್ತಿದ್ದ ಟವರ್ (ನೆಲದ ಮೇಲೇ ನಿಲ್ಲಿಸುವ ಎತ್ತರದ ಸ್ಪೀಕರ್) ಅಲ್ಲಿ ಬಡಕಲಾಯಿತು, ಸ್ಟ್ಯಾಂಡಿನ ಮೇಲಿಡುವ ಚಿಕ್ಕದಕ್ಕೂ ಅದಕ್ಕೂ ಅಂತರ ಅರ್ಧಕ್ಕರ್ಧ ಕಮ್ಮಿ. ಬಾಸ್, ಅಂದರೆ ತಗ್ಗು ಸದ್ದಿನ ವಿಷಯದಲ್ಲಿ ಅಂಗಡಿಯ ಡೆಮೊ ಹೇಳುವುದು ಆ ಅಂಗಡಿಯ ಕೋಣೆಯ ಕಥೆ ಅಂತ ಆವತ್ತು ಖಾತ್ರಿಯಾಯಿತು.

ಆದರೆ ದಿನಾ ಕೇಳುವುದು ಹಾಲ್‌ನಲ್ಲೇ ತಾನೆ. ಅಲ್ಲಿ ಹೋಲಿಸಬೇಕಾದರೆ ಎರಡೂ ಸ್ಪೀಕರ್ ಒಂದೇ ಜಾಗದಲ್ಲಿ ನಿಲ್ಲಬೇಕು, ಅರ್ಧ ಅಡಿ ಆಚೀಚೆ ಆದರೂ ಬಾಸ್ ಬದಲಾಗುತ್ತದೆ. ಸ್ಪೀಕರ್ ಮಾಡುವ ಹಾರ್ಮನ್ ಕಂಪನಿಯ ಕ್ಯಾಲಿಫೋರ್ನಿಯಾ ಲ್ಯಾಬಿನಲ್ಲಿ ಇದಕ್ಕೆಂದೇ ಗಾಳಿಯ ಒತ್ತಡದಲ್ಲಿ ಸ್ಪೀಕರ್ ಜರುಗಿಸುವ ಯಂತ್ರ ಇದೆ. ನನ್ನದು ಕುಶಾಲನಗರದ ಗುಜರಿಯಿಂದ ತಂದ ಹಳೇ ಜೀಪಿನ ಹಬ್, ಚಕ್ರ ಕೂರುವ ತಿರುಗುವ ಭಾಗ. ಅದರ ಮೇಲೆ ಮೂರಡಿ ಅಗಲದ ದಪ್ಪ ಪ್ಲೈವುಡ್, ವೆಲ್ಡಿಂಗ್, ಬೋಲ್ಟು ಎಲ್ಲ ಸೇರಿ ಮೂರೂವರೆ ಸಾವಿರ ಆಗಿರಬೇಕು. ಎರಡು ಸ್ಪೀಕರ್ ಬೆನ್ನಿಗೆ ಬೆನ್ನು. ಮೊದಲ ಸಲ ತಿರುಗಿಸಿದಾಗ ಟವರಿನ ಭಾರಕ್ಕೆ ಹಲಗೆ ವಾಲಿ, ನನ್ನ ಎದೆ ಝಲ್ಲೆಂದಿತು. ಚಿಕ್ಕದರ ಸ್ಟ್ಯಾಂಡಿಗೆ ಮರಳು ತುಂಬಿದ ಮೇಲೆ ಸರಿಹೋಯಿತು. ತಿರುಗುವಾಗ ಬರುವ ಕಿರ್ ಸದ್ದನ್ನು ಹೇಗೆ ಅಡಗಿಸಿದೆ, ಪರದೆಗೆ ಯಾವ ಬಟ್ಟೆ ಹಾಕಿದೆ, ಅವೆರಡು ಸದ್ಯ ನನ್ನ ಹತ್ತಿರವೇ ಇರಲಿ.

ಎರಡೂ ಸ್ಪೀಕರ್ ಒಂದೇ ಜೋರಿಗೆ ಕೇಳುವಂತೆ ಲೆವೆಲ್ ಸರಿಮಾಡಲು ಪಿಂಕ್ ನಾಯ್ಸ್ (ಅಳತೆಗೆಂದೇ ಇರುವ ಸುಯ್ ಅನ್ನುವ ಸದ್ದು) ಮತ್ತು ಸದ್ದು ಅಳೆಯುವ ಮೀಟರ್. ನಾನು ಮಾಡಿದ್ದು ಇಷ್ಟೇ: ಹಾಡನ್ನು ಮೊನೊ ಮಾಡಿ (ಎಡ ಬಲ ಸೇರಿಸಿ ಒಂದೇ ದನಿ), ಎಡ ಚಾನೆಲ್ ಒಂದು ಸ್ಪೀಕರಿಗೆ, ಬಲ ಚಾನೆಲ್ ಇನ್ನೊಂದಕ್ಕೆ, ವ್ಯತ್ಯಾಸವನ್ನು ಕಂಪ್ಯೂಟರಿನಲ್ಲೇ ತಗ್ಗಿಸಿದೆ. ವ್ಯತ್ಯಾಸ ಅರ್ಧ ಡಿಬಿಯೊಳಗೆ (ಡೆಸಿಬೆಲ್, ಸದ್ದಿನ ಜೋರಿನ ಅಳತೆ) ಬರುವ ತನಕ ಯಾರನ್ನೂ ಕೂರಿಸುವುದಿಲ್ಲ. ಅಷ್ಟೇ ವಿದ್ಯುತ್ ಕೊಟ್ಟರೆ ಗೆಳೆಯರೊಬ್ಬರ ಕ್ಲಿಪ್ಷ್ ಹೆರೆಸಿ ಸ್ಪೀಕರ್ 99 ಡಿಬಿ ಕೊಡುತ್ತದೆ, ನನ್ನ ಚಿಕ್ಕ ಕೆಇಎಫ್ ಎಲ್‌ಎಸ್50 ಮೆಟಾ 85. 14 ಡಿಬಿ ಅಂತರ ಅಂದರೆ ಸುಮಾರು 25 ಪಟ್ಟು ಪವರ್. ಒಂದೇ ವಾಲ್ಯೂಮಿನಲ್ಲಿ ಬದಲಿಸಿ ಕೇಳಿಸಿದರೆ ಜೋರಾಗಿ ಕೇಳುವುದೇ ಗೆಲ್ಲುತ್ತದೆ, ಅಲ್ಲಿ ಹೋಲಿಕೆ ಎಲ್ಲಿ ಬಂತು?

ಮೊನೊ ಯಾಕೆ ಅನ್ನುವವರಿಗೆ: ಆಡಿಯೊ ವಿಜ್ಞಾನಿ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಕೆನಡಾದಲ್ಲಿ ಮಾಡಿದ ಕುರುಡು ಪರೀಕ್ಷೆಗಳಲ್ಲೂ (ಯಾವ ಸ್ಪೀಕರ್ ಎಂದು ಕಾಣದಂತೆ ಕೇಳಿಸುವುದು) ಸ್ಪೀಕರಿನ ದೋಷಗಳನ್ನು ಜನ ಸ್ಟೀರಿಯೊಗಿಂತ ಮೊನೊದಲ್ಲೇ ಚೆನ್ನಾಗಿ ಗುರುತಿಸಿದ್ದರು. ನಮ್ಮಲ್ಲೂ ಹಾಗೇ ಆಯಿತು.

ಯಾವ ಹಾಡು ಹಾಕಿದರೂ ಜಗಳ ತೀರದಿದ್ದಾಗ ನಮ್ಮ ತೋಟದ ರೈಟರ್ (ಲೆಕ್ಕ ಬರೆಯುವವರು) ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದನ್ನು ಕಣದಲ್ಲೇ ರೆಕಾರ್ಡ್ ಮಾಡಿದೆ. ಬಯಲಾದ್ದರಿಂದ ಕೋಣೆಯ ಪ್ರತಿಧ್ವನಿ ಇಲ್ಲ, ದನಿ ಮನೆಯವರಿಗೆಲ್ಲ ಪರಿಚಯ. ರೈಟರನ್ನೇ ಪರದೆಯ ಹಿಂದೆ ಹಬ್ ಪಕ್ಕ ನಿಲ್ಲಿಸಿ ನಾಲ್ಕು ಹೆಸರು ಕೂಗಿಸುವುದು, ಆಮೇಲೆ ಸ್ಪೀಕರ್, ಮತ್ತೆ ರೈಟರ್. ಬೆಂಗಳೂರಿನಿಂದ ಒಂದು ವಾರಕ್ಕೆಂದು ಅರ್ಧ ದುಡ್ಡು ಠೇವಣಿ ಇಟ್ಟು ತಂದಿದ್ದ ಎಂಟು ಲಕ್ಷದ ಟವರ್ (ಹೆಸರು ಬೇಡ) ಶುರುವಾಗುತ್ತಿದ್ದಂತೆ ನಮ್ಮ ಅತ್ತೆ ಕೇಳಿದರು: "ರೈಟರಿಗೆ ಶೀತ ಆಗಿದೆಯಾ?" ಎದೆಯ ದನಿ ಅಷ್ಟು ಊದಿಕೊಂಡಿತ್ತು. ಹುತ್ತರಿ ಹಬ್ಬದಲ್ಲಿ ರೆಕಾರ್ಡ್ ಮಾಡಿಟ್ಟ ದುಡಿ ವಾದ್ಯದ ಪೆಟ್ಟಿನಲ್ಲೂ ಅದೇ ಕತೆ, ಚರ್ಮಕ್ಕೆ ಕೋಲು ತಾಗುವ ಚುರುಕು ಮಸುಕು.

ಹಲಗೆಯನ್ನು ಆಗಾಗ ಪೂರ್ತಿ ಸುತ್ತು ತಿರುಗಿಸಿ ಅದೇ ಸ್ಪೀಕರನ್ನೇ ಮತ್ತೆ ಕೇಳಿಸುತ್ತಿದ್ದೆ. "ಇದು ಬೇರೆ, ಇದರಲ್ಲಿ ಗಾಳಿ ಜಾಸ್ತಿ" ಅಂದವರ ಅಂಕ ಲೆಕ್ಕಕ್ಕಿಲ್ಲ. ಆಡಿಯೊ ಗೊತ್ತಿರುವ ಒಬ್ಬರು ಹೀಗೆ ಹೊರಗಾದರು, ರೈಟರ್ ಹೊರಗಾಗಲಿಲ್ಲ.

ಟವರ್ ವಾಪಸ್ ಹೋಯಿತು. ಪಿಕಪ್ ಬಾಡಿಗೆ ಹೋಗಿ ಬರಲು ಹದಿನೈದು ಸಾವಿರದ ಹತ್ತಿರ, ಎಂಟು ಲಕ್ಷ ಉಳಿದದ್ದಕ್ಕೆ ಅದು ಲೆಕ್ಕವೇ? ಮನೆಯಲ್ಲಿ ಉಳಿದದ್ದು ಸೆಕೆಂಡ್ ಹ್ಯಾಂಡ್ ಎಲ್‌ಎಸ್50 ಮೆಟಾ, ಲಕ್ಷದೊಳಗೆ. ಆಳದ ಬಾಸ್‌ಗೆ ಒಂದು ಸಬ್ (ಸಬ್‌ವೂಫರ್, ತಗ್ಗು ಸದ್ದಿಗೇ ಇರುವ ಸ್ಪೀಕರ್), 90 ಹರ್ಟ್ಸ್ ಕೆಳಗೆ ಮಾತ್ರ. ಹೆರೆಸಿಯೂ ಹತ್ತಿರಕ್ಕೆ ಬಂದಿತ್ತು. ದುಡಿಗೆ ಅದೇ ಮೇಲು, ರೈಟರ ದನಿಗೆ ಅಲ್ಲ.

ಗುಂಯ್ ಇಳಿಸಲು ಕಾಫಿ ಹೊಟ್ಟು ತುಂಬಿದ ಗೋಣಿಚೀಲಗಳನ್ನು ಮೂಲೆಗಳಲ್ಲಿ ಮುಚ್ಚಿಗೆವರೆಗೆ ಪೇರಿಸಿದ್ದೂ ಆಯಿತು. 63 ಹರ್ಟ್ಸ್‌ನಲ್ಲಿ ಮೂರು ಡಿಬಿ ಇಳಿದಿರಬಹುದು, 31ರಲ್ಲಿ ಏನೂ ಇಲ್ಲ. ಜುಲೈ ಹೊತ್ತಿಗೆ ಹೊಟ್ಟು ತೇವ ಹಿಡಿದು ವಾಸನೆ, ಹಿಂದೆಯೇ ಇಲಿ. ಹೆಂಡತಿ ಚೀಲಗಳನ್ನು ನೇರ ಗೊಬ್ಬರದ ಗುಂಡಿಗೆ ಕಳಿಸಿದಳು. ಈಗ ಸಬ್ ಜಾಗ ಬದಲಿಸಿ ಬದಲಿಸಿ ಅದಕ್ಕಿಂತ ಚೆನ್ನಾಗಿ ಪಳಗಿಸಿದ್ದೇನೆ.

ಹೀಗೆ ಪರೀಕ್ಷೆ ಮಾಡುವವರು ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡಿ. ಹೆಂಚಿನ ಮೇಲೆ ಮಳೆ ಹಿಡಿದರೆ ನನ್ನ ಮೀಟರ್ ಸುಮ್ಮನೆ 60 ಡಿಬಿ ತೋರಿಸುತ್ತದೆ. ವೋಲ್ಟೇಜ್ 180ಕ್ಕೆ ಇಳಿಯುವ ಸಂಜೆ ಸ್ಟೆಬಿಲೈಜರ್ ಗುಂಯ್‌ಗುಟ್ಟುವುದರಿಂದ ಬೆಳಗಿನ ಹೊತ್ತೇ ಒಳ್ಳೆಯದು. ಹಬ್ ಕೊಳ್ಳುವಾಗ ಬೇರಿಂಗನ್ನು ಕೈಯಲ್ಲಿ ಅಲುಗಿಸಿ ನೋಡಿ, ಆಟ ಇದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.