ಅಂತರ್ಜಲದ ಬಜೆಟ್: ಬಿತ್ತನೆಗೆ ಮೊದಲು ಹಾಕಬೇಕಾದ ಲೆಕ್ಕ

ಬತ್ತುತ್ತಿರುವ ಅಂತರ್ಜಲ ಉಳಿಸಲು ಬಹಳ ಕಡೆ ಮೊದಲು ತೋಡುವುದು ಇಂಗುಗುಂಡಿ. ಅದಕ್ಕೂ ಮೊದಲು ಬೇಕಾದದ್ದು ಲೆಕ್ಕ. ಒಂದೇ ಜಲಪದರದ (ನೆಲದಡಿ ನೀರು ಹಿಡಿದಿಟ್ಟ ಮಣ್ಣು-ಕಲ್ಲಿನ ಪದರ) ಮೇಲಿರುವ ಊರುಗಳೆಲ್ಲ ಒಟ್ಟಿಗೆ ಕೂರಬೇಕು. ನೆಲದಡಿಯ ನೀರಿಗೆ ಊರಿನ ಗಡಿಕಲ್ಲು ಗೊತ್ತಿಲ್ಲ.

ಅಲ್ಲಲ್ಲಿ ಹರಡಿದಂತೆ ಕೆಲವು ಬಾವಿಗಳನ್ನು ಗುರುತಿಸಿ, ಮಳೆಗೆ ಮೊದಲು ಮತ್ತು ಮಳೆ ಮುಗಿದ ಮೇಲೆ ನೀರಿನ ಮಟ್ಟ ಅಳೆಯಿರಿ. ಹಿಂದಿನ ರಾತ್ರಿಯಿಡೀ ಆ ಬಾವಿಯ ಪಂಪಷ್ಟೇ ಅಲ್ಲ, ಅಕ್ಕಪಕ್ಕದವೂ ನಿಂತಿರಬೇಕು. ಇಲ್ಲದಿದ್ದರೆ ಸಿಗುವುದು ಪಂಪು ಕುಗ್ಗಿಸಿದ ಮಟ್ಟ, ನಿಜವಾದದ್ದಲ್ಲ.

ಮಳೆ ಎಷ್ಟು ನೀರು ಸೇರಿಸಿತೆಂದು ತಿಳಿಯಲು ಜಲಪದರದ ವಿಸ್ತೀರ್ಣವನ್ನು ಮಟ್ಟದ ಏರಿಕೆಯಿಂದ ಗುಣಿಸಿ, ಆ ಪದರ ತನ್ನ ಗಾತ್ರದಲ್ಲಿ ಬಿಟ್ಟುಕೊಡುವ ನೀರಿನ ಪಾಲಿನಿಂದ ಮತ್ತೆ ಗುಣಿಸಿ. ಗಟ್ಟಿ ಶಿಲೆಯ ಮೇಲಿನ ಶಿಥಿಲ (ಸವೆದು ಸಡಿಲವಾದ) ಪದರದಲ್ಲಿ ಈ ಪಾಲು ಸಾಮಾನ್ಯವಾಗಿ ಶೇ. 1ರಿಂದ 4. 1,000 ಹೆಕ್ಟೇರ್, 3 ಮೀಟರ್ ಏರಿಕೆ, ಶೇ. 2 ಎಂದರೆ 6 ಲಕ್ಷ ಘನ ಮೀಟರ್. ಶೇ. 1 ಆಗಿದ್ದರೆ ಅರ್ಧಕ್ಕರ್ಧ ಕಡಿಮೆ. ಅನುಮಾನವಿದ್ದರೆ ಚಿಕ್ಕ ಅಂಕಿಯನ್ನೇ ಹಿಡಿಯಿರಿ. ಕುಡಿಯಲು, ದನಕರುಗಳಿಗೆ, ಹಳ್ಳದ ಹರಿವಿಗೆ 2 ಲಕ್ಷ ತೆಗೆದಿಟ್ಟರೆ ಬೆಳೆಗೆ ಉಳಿದದ್ದು 4 ಲಕ್ಷ. ಹೆಕ್ಟೇರಿಗೆ 12,000 ಘನ ಮೀಟರ್ ಹೀರುವ ಭತ್ತವಾದರೆ ಇದು ಸಾಕಾಗುವುದು 33 ಹೆಕ್ಟೇರಿಗೆ. 4,000 ಸಾಕೆನ್ನುವ ಬೆಳೆಯಾದರೆ 100ಕ್ಕೆ.

ಈಗ ಇದನ್ನು ಪಂಪಿನ ಗಂಟೆಗಳಿಗೆ ಇಳಿಸಿ. 200 ಲೀಟರ್ ಡ್ರಮ್ 40 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 18 ಘನ ಮೀಟರ್. ಅಂಥ 80 ಪಂಪುಗಳಿದ್ದರೆ ಒಂದೊಂದರ ಪಾಲು ಸುಮಾರು 278 ಗಂಟೆ. 120 ದಿನದ ಬೆಳೆಗೆ ದಿನಕ್ಕೆ ಎರಡೂಕಾಲು ಗಂಟೆ ಚಿಲ್ಲರೆ. ಮಟ್ಟ ಇಳಿದಂತೆ ಪಂಪಿನ ನೀರೂ ಸಣ್ಣಗಾಗುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಡ್ರಮ್ಮಿಟ್ಟು ನೋಡಿ.

ಅನೇಕ ಯೋಜನೆಗಳು ಎಡವುವುದು ಹನಿ ನೀರಾವರಿಯಲ್ಲಿ. ಕಾಲುವೆ ಕಟ್ಟಿ ಹಾಯಿಸಿದಾಗ ಹೊಲದಲ್ಲಿ ಇಂಗಿದ ನೀರಿನ ಒಂದು ಪಾಲು ಮತ್ತೆ ಜಲಪದರಕ್ಕೇ ಸೇರುತ್ತಿತ್ತು. ಹನಿ ಪೈಪು ಅದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಹೀಗೆ ‘ಉಳಿದ’ ನೀರಿನಲ್ಲಿ ರೈತ ಇನ್ನೊಂದು ಎಕರೆ ನೆಟ್ಟರೆ ಆವಿಯಾಗಿ ಹೋಗುವುದು ಮೊದಲಿಗಿಂತ ಹೆಚ್ಚು. ಪೈಪು ಹಾಕಿಸಿದವರ ಗಂಟೆಗಳನ್ನೂ ಇಳಿಸದೆ, ನೀರಾವರಿ ವಿಸ್ತೀರ್ಣಕ್ಕೆ ಮಿತಿಯನ್ನೂ ಹಾಕದೆ ಸಹಾಯಧನ ಕೊಟ್ಟರೆ ಬಾವಿ ಇನ್ನೂ ಬೇಗ ಬತ್ತೀತು.

ಹೊಸ ಕೊಳವೆಬಾವಿಗೆ ಒಪ್ಪಿಗೆ ಕೊಡಲೇಬೇಕಾಗಿ ಬಂದರೆ ಅದರ ಗಂಟೆಗಳು ಈಗಿರುವ 80 ಪಂಪುಗಳ ಪಾಲಿನಿಂದಲೇ ಬರಬೇಕು.