ಪಶುವೈದ್ಯಕೀಯ ತಂತ್ರಜ್ಞರಾಗಲು ಬೇಕಾದ ಸಿದ್ಧತೆ

ರೋಗವನ್ನು ನಿರ್ಣಯಿಸುವುದು, ಔಷಧ ಬರೆದುಕೊಡುವುದು ಮತ್ತು ಶಸ್ತ್ರಚಿಕಿತ್ಸೆ ಮಾಡುವುದು ಪಶುವೈದ್ಯರ ಹೊಣೆ. ರಕ್ತ ತೆಗೆಯುವುದು, ಎಕ್ಸ್-ರೇ ತೆಗೆಯುವುದು, ಮಲಮೂತ್ರದ ಪರೀಕ್ಷೆ, ಹಲ್ಲಿನ ಶುಚಿ, ಅರಿವಳಿಕೆಯ ನಿಗಾ ಮುಂತಾದ ಕೆಲಸಗಳು ತಂತ್ರಜ್ಞರ ಪಾಲಿನವು. ನೋವನ್ನು ಬಾಯಿಬಿಟ್ಟು ಹೇಳಲಾರದ ಜೀವಿಯ ಸ್ಥಿತಿಯನ್ನು ಕಣ್ಣಿನಿಂದ, ಕೈಯಿಂದ ಗ್ರಹಿಸುವ ಶಿಸ್ತು ಬೆಳೆಯದಿದ್ದರೆ ಪ್ರಾಣಿಗಳ ಮೇಲಿನ ಅಕ್ಕರೆಯೊಂದೇ ಈ ವೃತ್ತಿಯಲ್ಲಿ ಸಾಲದು.

ಹಾಗಾಗಿ ಕೋರ್ಸಿಗೆ ಸೇರುವ ಮೊದಲೇ ಯಾವುದಾದರೂ ಪಶು ಚಿಕಿತ್ಸಾಲಯದಲ್ಲೋ ಪ್ರಾಣಿಗಳ ಆಶ್ರಯಧಾಮದಲ್ಲೋ ಕೆಲವು ವಾರ ಸ್ವಯಂಸೇವಕರಾಗಿ ದುಡಿಯಿರಿ. ಪಂಜರ ತೊಳೆಯುವುದು, ಕೀವು ತುಂಬಿದ ಗಾಯ, ಗುಣವಾಗದ ಪ್ರಾಣಿಗೆ ದಯಾಮರಣ ನೀಡುವ ಗಳಿಗೆ, ಇವೆಲ್ಲವೂ ವೃತ್ತಿಯ ಭಾಗವೇ ಆಗಿರುವುದರಿಂದ ಅವನ್ನು ಮೊದಲೇ ಕಂಡು ನಿರ್ಧರಿಸುವುದು ಒಳ್ಳೆಯದು.

ಶಿಕ್ಷಣದ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಅಲ್ಲಿನ ಪಶುವೈದ್ಯಕೀಯ ಸಂಘದ ಮಾನ್ಯತೆಯುಳ್ಳ ಎರಡು ವರ್ಷಗಳ ಕೋರ್ಸ್ ಮುಗಿಸಿ, ರಾಷ್ಟ್ರಮಟ್ಟದ ಪರೀಕ್ಷೆಯನ್ನು ಬರೆಯಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಇದೇ ಬಗೆಯ ಕೆಲಸ ಮಾಡುವವರು ಪಶುವೈದ್ಯಕೀಯ ನರ್ಸ್‌ಗಳು. ಎಲ್ಲಿಯೇ ಓದಿದರೂ, ನೋಂದಣಿ ಮಾಡುವ ಸಂಸ್ಥೆ ಆ ಕೋರ್ಸನ್ನು ಒಪ್ಪುತ್ತದೆಯೇ ಎಂಬುದನ್ನು ಶುಲ್ಕ ಕಟ್ಟುವ ಮುನ್ನವೇ ಖಚಿತಪಡಿಸಿಕೊಳ್ಳಿ.

ಜೀವಶಾಸ್ತ್ರದಷ್ಟೇ ಗಣಿತವೂ ಮುಖ್ಯ. 20 ಕಿಲೋ ತೂಕದ ನಾಯಿಗೆ ಕಿಲೋಗೆ 5 ಮಿಲಿಗ್ರಾಂನಂತೆ ಔಷಧ ಕೊಡಬೇಕಿದ್ದು, ದ್ರಾವಣದ ಪ್ರತಿ ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಇದ್ದರೆ, ಸಿರಿಂಜಿಗೆ ಎಳೆಯಬೇಕಾದದ್ದು 2 ಮಿಲಿಲೀಟರ್. ಇಲ್ಲಿ ದಶಾಂಶ ಬಿಂದು ಒಂದು ಸ್ಥಾನ ಜಾರಿದರೂ ಪ್ರಾಣಿಯ ಜೀವಕ್ಕೆ ಅಪಾಯ.

ಅತ್ಯಂತ ಗಮನ ಬೇಡುವ ಕೆಲಸವೆಂದರೆ ಅರಿವಳಿಕೆಯ ನಿಗಾ. ಹೃದಯಬಡಿತ, ಉಸಿರಾಟ, ರಕ್ತದೊತ್ತಡ ಮತ್ತು ದೇಹದ ಉಷ್ಣತೆಯನ್ನು ಸುಮಾರು ಐದು ನಿಮಿಷಕ್ಕೊಮ್ಮೆ ದಾಖಲಿಸಬೇಕು. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳುಪು ಎರಡು ಸೆಕೆಂಡಿನೊಳಗೆ ಮಾಯವಾಗಿ ನಸುಗೆಂಪು ಮರಳದಿದ್ದರೆ ರಕ್ತಸಂಚಾರ ಕುಂದಿರಬಹುದು. ಯಂತ್ರದ ಪರದೆಯ ಮೇಲೆ ಅಂಕಿಗಳು ಸರಿಯಾಗಿಯೇ ಕಂಡರೂ ನಾಡಿಯನ್ನು ಆಗಾಗ ಕೈಯಿಂದಲೇ ಮುಟ್ಟಿ ನೋಡುವ ಅಭ್ಯಾಸವನ್ನು ಬಿಡಬಾರದು. ಶಸ್ತ್ರಚಿಕಿತ್ಸೆ ಮುಗಿದ ನಂತರದ ಮೊದಲ ಕೆಲವು ಗಂಟೆಗಳೂ ಅಪಾಯದವೇ ಆದ್ದರಿಂದ, ಪ್ರಾಣಿ ಎಚ್ಚರಗೊಳ್ಳುವವರೆಗೆ ಅದರ ಬಳಿಯಿಂದ ಕದಲಬೇಡಿ.

ಪ್ರಾಣಿಯನ್ನು ಹಿಡಿಯುವುದೂ ಕಲಿತು ಬರಬೇಕಾದ ವಿದ್ಯೆ. ಹೆದರಿದ ಬೆಕ್ಕನ್ನು ಬಲವಾಗಿ ಅದುಮಿದಷ್ಟೂ ಅದು ಹೆಚ್ಚು ಸೆಣಸುತ್ತದೆ; ಟವೆಲಿನಲ್ಲಿ ಹಗುರವಾಗಿ ಸುತ್ತಿ, ಸದ್ದಿಲ್ಲದ ಕೋಣೆಯಲ್ಲಿ ನಿಧಾನವಾಗಿ ಪರೀಕ್ಷಿಸಿದರೆ ಹಲವು ಬೆಕ್ಕುಗಳು ಸಹಕರಿಸುತ್ತವೆ. ರೇಬೀಸ್ ವಿರುದ್ಧದ ಮುಂಜಾಗ್ರತಾ ಲಸಿಕೆಯನ್ನು ತರಬೇತಿಯ ಆರಂಭದಲ್ಲೇ ಹಾಕಿಸಿಕೊಳ್ಳಿ. ಎಕ್ಸ್-ರೇ ಕೋಣೆಯಲ್ಲಿ ಸೀಸದ ಏಪ್ರನ್ ಮತ್ತು ವಿಕಿರಣ ಅಳೆಯುವ ಬ್ಯಾಡ್ಜ್ ಕಡ್ಡಾಯವೆಂದೇ ತಿಳಿಯಿರಿ.

ಉದ್ಯೋಗದ ಸಂದರ್ಶನದಲ್ಲಿ ಸಂಬಳದ ಜೊತೆಗೆ, ಅಲ್ಲಿ ತಂತ್ರಜ್ಞರಿಗೆ ಯಾವ ಕೆಲಸಗಳನ್ನು ಒಪ್ಪಿಸುತ್ತಾರೆ ಎಂದೂ ವಿಚಾರಿಸಿ. ಪ್ರಾಣಿಯನ್ನು ಹಿಡಿದುಕೊಳ್ಳಲಷ್ಟೇ ಕರೆಯುವ ಆಸ್ಪತ್ರೆಯಲ್ಲಿ ಕಲಿತ ಕೌಶಲ ತುಕ್ಕು ಹಿಡಿಯುತ್ತದೆ. ಮುಂದೆ ಅರಿವಳಿಕೆ, ದಂತಚಿಕಿತ್ಸೆ ಅಥವಾ ತುರ್ತುಚಿಕಿತ್ಸೆಯಲ್ಲಿ ವಿಶೇಷ ಪರಿಣತಿ ಪಡೆಯಬೇಕೆಂದಿದ್ದರೆ ಆ ಕೆಲಸಗಳು ದಿನವೂ ನಡೆಯುವ ಜಾಗವನ್ನೇ ಆರಿಸಿಕೊಳ್ಳಿ.