ಹೊಲಿಗೆ ಹಸಿ ಇರುವಾಗ ಹೆಪಾರಿನ್

ಇಂಡಿ ಕಡೆಯ ಆ ಆಯಿಗೆ 68 ವರ್ಷ. ಬಿದ್ದು, ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ಮೂರು ದಿನ ಪಟ್ಟಿ ಕಟ್ಟಿ ಮನೆಯಲ್ಲೇ ಮಲಗಿಸಿ, ಆಮೇಲೆ ವಿಜಯಪುರಕ್ಕೆ ಕರೆತಂದರು. ಆಪರೇಷನ್ ಚೆನ್ನಾಗಿಯೇ ಆಯ್ತು. ಐದನೇ ದಿನ ವಾಕರ್ ಹಿಡಿದು ಬಾತ್‌ರೂಮಿಗೆ ಹೋಗಿ ಬಂದವರು "ಉಸರ ಸಾಲವಲ್ದ್ರೀ" ಅಂದರು.

ನಾನು ಮೊದಲು ನಿಶ್ಶಕ್ತಿ ಅಂದುಕೊಂಡೆ. ಸಿಸ್ಟರ್ ಬಿಡಲಿಲ್ಲ. "ಸರ್, ಮುಂಜಾನಿಂದ ಪಲ್ಸ್ ಇಳಿದಿಲ್ರಿ, ಈಗ 126 ಐತಿ." ಆಕ್ಸಿಜನ್ 86. ಚಾದರ ಸರಿಸಿ ನೋಡಿದೆ. ಆಪರೇಷನ್ ಆಗದ ಕಾಲಿನ ಮೀನಖಂಡ ಊದಿ ಬಿಗಿದಿತ್ತು. ಕಾಲಿನ ರಕ್ತನಾಳದಲ್ಲಿ ರಕ್ತದ ಹೆಪ್ಪು ಮನೆಯಲ್ಲಿ ಮಲಗಿದ್ದ ಆ ಮೂರು ದಿನದಲ್ಲೇ ಶುರುವಾಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಹೆಪ್ಪಿನ ಸುಳಿವು ಕೊಡುವ ರಕ್ತಪರೀಕ್ಷೆ ಡಿ-ಡೈಮರ್ ಕಳಿಸಲಿಲ್ಲ. ದೊಡ್ಡ ಆಪರೇಷನ್ ಆದಮೇಲೆ ಅದು ಹೇಗೂ ಜಾಸ್ತಿಯೇ ಇರುತ್ತದೆ, ಸುಮ್ನೆ ಹೊತ್ತು ಹೋಗುತ್ತದೆ. ನೇರ ರಕ್ತನಾಳ ತೋರಿಸುವ ಸ್ಕ್ಯಾನ್, ಸಿಟಿ ಆಂಜಿಯೋ ಮಾಡಿಸಿದೆ. ಎರಡೂ ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಪ್ಪು, ಕಾಲಿನಿಂದ ಕಿತ್ತು ಬಂದದ್ದು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೆಪ್ಪಿನ ಒತ್ತಡಕ್ಕೆ ಹೃದಯದ ಬಲಭಾಗ ಹಿಗ್ಗಿತ್ತು. ಬಿಪಿ ಮಾತ್ರ ಕುಸಿದಿರಲಿಲ್ಲ.

ಅದಕ್ಕೇ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಕೈ ಹಾಕಲಿಲ್ಲ. ಆಪರೇಷನ್ ಆಗಿ ಮೂರು ವಾರದೊಳಗೆ ಅದರಿಂದ ರಕ್ತಸ್ರಾವದ ಭಯ ದೊಡ್ಡದು. ಬಿಪಿ ಬಿದ್ದು ಜೀವಕ್ಕೇ ಬಂದರೆ ಆ ಮಾತು ಬೇರೆ. ಮೂಳೆ ಡಾಕ್ಟರ ಜೊತೆ ಮಾತಾಡಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಶುರು ಮಾಡಿದೆ. ಮೊದಲು ಕೆಜಿಗೆ 80 ಯೂನಿಟ್, ಆಮೇಲೆ ಪಂಪ್‌ನಲ್ಲಿ ಗಂಟೆಗೆ ಕೆಜಿಗೆ 18. ಅದೇ ಜಾತಿಯ, ಹೊಟ್ಟೆಗೆ ಚುಚ್ಚುವ ಎನೋಕ್ಸಪರಿನ್ ಸುಲಭ ಅಲ್ವಾ? ಸುಲಭವೇ. ಆದರೆ ಗಾಯ ಸೋರಿದರೆ ಹೆಪಾರಿನ್ ಪಂಪ್ ನಿಲ್ಲಿಸಿದ ಕೆಲವೇ ಗಂಟೆಯಲ್ಲಿ ಅದರ ಪ್ರಭಾವ ಇಳಿಯುತ್ತದೆ. ಅವಸರವಿದ್ದರೆ ಆ ಪ್ರಭಾವ ಅಳಿಸುವ ಮದ್ದು ಪ್ರೋಟಮಿನ್ ಇದೆ.

"ಸಾಹೇಬ್ರ, ರಕ್ತ ತೆಳ್ಳಗ ಮಾಡಿದ್ರ ಹೊಲಿಗಿ ಸೋರೂದಿಲ್ಲೇನ್ರಿ?" ಅಂದ ಮಗ. ಸೋರಬಹುದು ಅಂತಲೇ ಹೇಳಿದೆ. ಈ ಔಷಧಿ ಹೆಪ್ಪು ಬೆಳೆಯದಂತೆ ತಡೆಯುತ್ತದೆ ಅಷ್ಟೇ, ಕರಗಿಸೋದು ಅವ್ವನ ದೇಹವೇ ಅಂತ ಬಿಡಿಸಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದ.

ರಾತ್ರಿಯಿಡೀ ಆರು ಗಂಟೆಗೊಮ್ಮೆ ಎಪಿಟಿಟಿ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಪರೀಕ್ಷೆ. ಡ್ರೆಸ್ಸಿಂಗ್ ಮೇಲೆ ರಕ್ತದ ಕಲೆಯ ಸುತ್ತ ಸಿಸ್ಟರ್ ಪೆನ್ನಿನಿಂದ ಗೆರೆ ಎಳೆದಿದ್ದರು. ಗಂಟೆಗೊಮ್ಮೆ ಟಾರ್ಚ್ ಹಿಡಿದು ನೋಡಿದೆವು. ಬೆಳಗಾದರೂ ಕಲೆ ಗೆರೆ ದಾಟಿರಲಿಲ್ಲ.

ಮೂರನೇ ದಿನ ಆಕ್ಸಿಜನ್ ತೆಗೆದೆವು. ಆಮೇಲೆ ಹೆಪ್ಪು ತಡೆಯುವ ಮಾತ್ರೆ, ಮೂರು ತಿಂಗಳು. ಆಪರೇಷನ್‌ನಂಥ ಕಾರಣದಿಂದ ಬಂದ ಹೆಪ್ಪಿಗೆ ಸಾಮಾನ್ಯವಾಗಿ ಅಷ್ಟು ಸಾಕು. ಅವಧಿ ಮುಗಿದಾಗ ಆಯಿ ಕೋಲೂರಿಕೊಂಡು ಬಂದರು. ಎಕೋದಲ್ಲಿ ಬಲಭಾಗ ಮೊದಲಿನಂತಾಗಿತ್ತು. ಮಾತ್ರೆ ನಿಲ್ಲಿಸಿದೆ.